ಸೋಸಿದ ಸೀಸೆ

ಮದುವೆಯಾದಾಗ ನಮ್ಮ ಯಜಮಾನರು ಕಲ್ಲಿದ್ದಲ ಖನಿಯಲ್ಲಿದ್ದರು. ಊರು ನಮ್ಮದು ಬೀದರ ಕಡೆಯದು, ಖನಿ ಮಹಾರಾಷ್ಟ್ರದ ಆ ತುದಿಯಲ್ಲಿ. ಕಲ್ಲಿದ್ದಲು ಅಗೆಯುವವರು ಬೇರೆ, ಇವರು ನೀರು ಎತ್ತುವ ಪಂಪಿನವರು. ಖನಿ ಎಂದರೆ ಕಲ್ಲಿದ್ದಲು ಎಂದಷ್ಟೇ ತಿಳಿದಿದ್ದ ನನಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು, ಕೆಳಗೆ ಇರುವುದೆಲ್ಲ ನೀರಿನ ಹೆದರಿಕೆಯೇ. ಮೇಲಿನ ಬಂಡೆಯಿಂದ ತೊಟ್ಟಿಕ್ಕುತ್ತದೆ, ಗೋಡೆಯಿಂದ ಒಸರುತ್ತದೆ, ಎಲ್ಲ ಹರಿದು ತಳದ ಹೊಂಡಕ್ಕೆ ಬೀಳುತ್ತದೆ. ಹೊಂಡದಲ್ಲಿ ಗೆರೆ ಕೊರೆದ ಕಟ್ಟಿಗೆ ನಿಲ್ಲಿಸಿರುತ್ತಾರೆ. ನೀರು ಯಾವ ಗೆರೆಗೆ ಬಂತು ಎಂದು ನೋಡಿ ಮೇಲೆ ಹೇಳಬೇಕು. ಆಗಾಗ ಒಬ್ಬ ಸಾಹೇಬ ಬಂದು ಗಾಜಿನ ಸೀಸೆಯಲ್ಲಿ ನೀರು ತುಂಬಿಸಿಕೊಂಡು ಹೋಗುತ್ತಿದ್ದ. ಈ ನೀರು ಪಂಪಿನ ಕಬ್ಬಿಣ ತಿನ್ನುತ್ತದೋ, ಕುಡಿಯಲು ಬರುತ್ತದೋ ನೋಡಲಿಕ್ಕೆ.

ಆ ಹೊಂಡದ ನೀರಿಗೆ ಕೊಳೆತ ತತ್ತಿಯ ವಾಸನೆ. ಅಂಚಿಗೆ ಕೇಸರಿ ಬಣ್ಣದ ಲೋಳೆ. ಆದರೂ ಬೇಸಿಗೆಯಲ್ಲಿ ಪಂಪಿನವರು ಅದನ್ನೇ ಕುಡಿದರು, ನಾನೂ ಕುಡಿದೆ. ಯಾರಿಗೂ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಯಜಮಾನರು ಮುಂದೆ ಮೋಸ ಹೋದದ್ದು ಇದರಿಂದಲೇ.

ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಹಳೆಯ ಬಾವಿಗಂಡಿಯೊಳಗೆ ಹಗ್ಗ ಕಟ್ಟಿ ಯಾರನ್ನಾದರೂ ಇಳಿಸುವುದಿದ್ದರೆ ನಮ್ಮ ಕಡೆಯ ಜನ ಹಗ್ಗವನ್ನು ಕಂಡವರ ಕೈಗೆ ಕೊಡುತ್ತಿರಲಿಲ್ಲ. ಹೆಂಡತಿಯ ತಮ್ಮ ಹಿಡಿಯಬೇಕು. ಅವನಿಲ್ಲದಿದ್ದರೆ ಹೆಂಡತಿ. ತನ್ನ ಕುಂಕುಮ ತಾನೇ ಯಾರು ಅಳಿಸಿಕೊಳ್ಳುತ್ತಾರೆ? ನನಗೆ ತಮ್ಮ ಇರಲಿಲ್ಲ. ಹಗ್ಗ ನನ್ನ ಕೈಗೇ ಬಂತು.

ಕೆಲವು ವರ್ಷಕ್ಕೆ ಇವರ ಎದೆ ಕಟ್ಟಿತು. ಕರಿ ಕಫ ಬೀಳತೊಡಗಿತು. ಡಾಕ್ಟರು ಖನಿ ಬಿಡು ಅಂದರು, ಬಿಟ್ಟರು. ಊರಿನವರೊಬ್ಬರ ಮಾತಿನಿಂದ ಔರಂಗಾಬಾದದಲ್ಲಿ ನೀರಿನ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ಆಗ ನಾವು ಔರಂಗಾಬಾದ ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಆ ಊರಿನ ಹೊಟ್ಟೆಯಲ್ಲಿ ಹಳೆಯ ನಹರುಗಳಿವೆ. ನಹರು ಎಂದರೆ ನೆಲದೊಳಗಿನ ಸುರಂಗ ಕಾಲುವೆ. ನೂರಾರು ವರ್ಷದ ಹಿಂದೆ ಯಾವನೋ ಜಾಣ ಗುಡ್ಡದ ಬುಡದಿಂದ ಊರಿನತನಕ ನೆಲ ಕೊರೆಸಿದ್ದಾನೆ. ಮಣ್ಣಿನೊಳಗಿನ ನೀರು ಸುರಂಗದ ಗೋಡೆಯಿಂದ ಒಸರಿ ಒಳಗೆ ಸೇರಿ ತಾನಾಗಿ ಹರಿದು ಬರುತ್ತದೆ. ಪಂಪಿಲ್ಲ, ಎಂಜಿನ್ನಿಲ್ಲ. ದಾರಿಯುದ್ದಕ್ಕೂ ಅಲ್ಲಲ್ಲಿ ಸಣ್ಣ ಬಾವಿಯಂಥ ಬಾಯಿಗಳು, ಮೇಲೆ ಕಲ್ಲಿನ ಮುಚ್ಚಳ. ಆಗಲೇ ಎಷ್ಟೋ ನಹರು ಸತ್ತುಹೋಗಿದ್ದವು. ನಮ್ಮ ಓಣಿಗೆ ಬರುವುದು ಇನ್ನೂ ಜೀವ ಹಿಡಿದಿತ್ತು. ಓಣಿಯ ನಡುವಿನ ಕಲ್ಲಿನ ತೊಟ್ಟಿಗೆ ಬಂದು ಬೀಳುತ್ತಿತ್ತು. ನಾವೆಲ್ಲ ಅಲ್ಲಿಂದಲೇ ಕೊಡ ತುಂಬುತ್ತಿದ್ದೆವು.

ಇವರ ಕೆಲಸ ಅದೇ ಹಳೆಯ ಕೆಲಸ. ಬಾಯಿಯೊಳಗೆ ಇಳಿಯುವುದು, ಕಟ್ಟಿಗೆಯಿಂದ ನೀರಿನ ಮಟ್ಟ ನೋಡುವುದು, ಎಲ್ಲಿ ಒಸರು ಹೆಚ್ಚಿದೆ ಎಲ್ಲಿ ಕಡಿಮೆಯಾಗಿದೆ ಎಂದು ಕಚೇರಿಗೆ ಹೇಳುವುದು, ವಾರಕ್ಕೊಮ್ಮೆ ಎರಡು ಸೀಸೆ ನೀರು ತುಂಬಿ ಪರೀಕ್ಷೆಯ ಸಾಹೇಬರಿಗೆ ಕೊಡುವುದು. ಹಗ್ಗ ಹಿಡಿಯಲು ಕಚೇರಿಯಿಂದ ಒಬ್ಬ ಚೌಕೀದಾರ ಬರುತ್ತಿದ್ದ. ಇವರು ಕೊಡಲಿಲ್ಲ. ಅವನನ್ನು ಬಿಟ್ಟು ನನ್ನನ್ನೇ ಕರಕೊಂಡು ಹೋಗುತ್ತಿದ್ದರು. ಚೌಕೀದಾರ ಸುಮ್ಮನೆ ಕುಳಿತು ಬೀಡಿ ಸೇದುತ್ತಿದ್ದ.

"ಕೈ ಸೋಲ್ತಾವ ಬಾಯಿಯವರ, ಬಿಟ್ಟುಬಿಡ್ರಿ. ಪೆನ್ಷನ್ ನಿಮಗೇ ಬರ್ತದ" ಅನ್ನುತ್ತಿದ್ದ. ಅವನೂ ಉದಗೀರ ಕಡೆಯವನು, ಕನ್ನಡ ಮರಾಠಿ ಕೂಡಿಸಿ ಮಾತಾಡುತ್ತಿದ್ದ.

"ನಿನ್ನ ಕಟ್ಟಿ ಇಳಸ್ತೀನಿ ಬಾ. ಆವಾಗ ನೋಡು ಬಿಡ್ತೀನೋ ಇಲ್ಲೋ."

ಕೆಳಗಿಂದ ಇವರ ದನಿ ಬರುತ್ತಿತ್ತು. "ಏಯ್, ಮೊದಲ ನನ್ನ ಎಳಿ! ಆಮ್ಯಾಲ ಜಗಳ ಆಡು!"

ಸೀಸೆಗಳ ಮಾತು ಹೇಳಬೇಕು. ಕಚೇರಿಯವರು ಅವನ್ನು ಕುದಿಸಿ, ಗಾಜಿನ ಬಿರಡೆ ಹಾಕಿ, ಮೇಲೆ ಕಾಗದ ಮುಚ್ಚಿ ದಾರ ಕಟ್ಟಿ ಕೊಡುತ್ತಿದ್ದರು. ನೀರು ತುಂಬುವಾಗ ಮಾತ್ರ ಬಿಚ್ಚಬೇಕು. ಮತ್ತೆ ಮುಚ್ಚಿ ಕಟ್ಟಿದರೆ ಸಾಹೇಬರೇ ಬಿಚ್ಚಬೇಕು. ಇವರು ಇಳಿಯುವುದು ಮಧ್ಯಾಹ್ನದ ಮೇಲೆ. ಸಾಹೇಬರು ಸೀಸೆ ತಗೊಳ್ಳುವುದು ಬೆಳಿಗ್ಗೆ. ಹಾಗಾಗಿ ಒಂದು ರಾತ್ರಿ ಸೀಸೆ ನಮ್ಮ ಮನೆಯಲ್ಲಿ ಇರುತ್ತಿದ್ದವು. ತಂಪು ಜಾಗ ಎಂದರೆ ಅಡುಗೆಮನೆಯ ಮೂಲೆ, ನೀರಿನ ಹರವಿಯ ಪಕ್ಕ. ಅಲ್ಲೇ ಇಡುತ್ತಿದ್ದೆವು.

ಅಡುಗೆಮನೆ ನಮ್ಮ ಅತ್ತೆಯದು. ಆಕೆ ಲಿಂಗಪೂಜೆ ಮಾಡದೆ ಬಾಯಿಗೆ ಏನೂ ಹಾಕುವವಳಲ್ಲ. ಸೋಸದ ನೀರು ಆಕೆಯ ಹೊಸ್ತಿಲು ದಾಟುವಂತಿರಲಿಲ್ಲ. ಕೊಡ ಹೊತ್ತು ಬಂದರೆ ಬಾಗಿಲಲ್ಲೇ ನಿಲ್ಲಿಸಿ, ಹರವಿಯ ಬಾಯಿಗೆ ಬಿಳಿ ಅರಿವೆ ಎರಡು ಮಡಿಕೆ ಮಾಡಿ ಬಿಗಿದು, "ಹಾಕು" ಅನ್ನುವಳು. ಆ ಅರಿವೆ ದಿನಾ ಒಗೆಯುವಳು, ನನ್ನನ್ನು ಮುಟ್ಟಗೊಡುತ್ತಿರಲಿಲ್ಲ. ಪೂಜೆಯ ನೀರು ಮಾತ್ರ ಬೇರೆ. ಪಕ್ಕದ ವಾಡೆಯಲ್ಲಿ ಒಂದು ಸೇದುವ ಬಾವಿ ಇತ್ತು. ನೀರು ಕಡಿಮೆ, ಆದರೆ ಕಲ್ಲುಸಕ್ಕರೆಯಂಥ ನೀರು. ಬೆಳಿಗ್ಗೆ ಎದ್ದು ಮಡಿಯಲ್ಲಿ ಒಂದು ತಾಮ್ರದ ಬಿಂದಿಗೆ ತರುವಳು. ಅದರಲ್ಲಿ ನಮಗೆ ಯಾರಿಗೂ ಪಾಲಿಲ್ಲ. ಅದು ದೇವರ ನೀರು.

ಒಂದು ಸಲ ನಾನು ಕೇಳಿದ್ದೆ, "ದೇವರಿಗೇನು ಬಾಯಾರಿಕಿ ಆಗ್ತದೇನ್ರಿ ಅತ್ತಿ?"

"ನಿನಗಿಂತ ಕಡಿಮಿ ಕುಡೀತಾನ. ಮಾತೂ ಕಡಿಮಿ ಆಡ್ತಾನ" ಅಂದಿದ್ದಳು.

ಆಕೆಗೆ ಇದ್ದದ್ದು ಒಬ್ಬ ಮಗ, ಒಬ್ಬಳು ಮಗಳು. ಮಗಳು ಎಂದರೆ ನನ್ನ ನಾದಿನಿ. ನಾಸಿಕದಲ್ಲಿ ಕೊಟ್ಟಿದ್ದರು. ಅಳಿಯ ಧಾರವಾಡ ಕಡೆಯವನು, ಓಝರ್ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ಕೆಲಸ. ಪಂಚವಟಿಯ ಒಂದು ಸಂದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದ. ಮದುವೆಯಾಗಿ ಬಹಳ ವರ್ಷ ಹುಡುಗಿಗೆ ಬಸಿರು ನಿಲ್ಲಲಿಲ್ಲ. ಎರಡು ಸಲ ನಿಂತಂತೆ ಮಾಡಿ ಹೋಯಿತು. ಅತ್ತೆ ಹರಕೆ ಹೊರದ ದೇವರಿಲ್ಲ. ಮೂರನೆಯದು ನಿಂತಿತು. ಏಳು ತಿಂಗಳು ತುಂಬಿತು. ಸೀಮಂತದ ಕುಬಸ ಮಾಡಿ ಹೆರಿಗೆಗೆ ಕರೆತರಲು ನಾನೂ ಅತ್ತೆಯೂ ಬಸ್ಸು ಹತ್ತಿ ನಾಸಿಕಕ್ಕೆ ಹೋದೆವು.

ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬ ಅಕ್ಕಿ. ಹುಡುಗಿ ಹೊಟ್ಟೆ ಹೊತ್ತು ನಗುತ್ತ ಕುಳಿತಿದ್ದಳು. ಅಳಿಯ ಬಾಗಿಲಿಗೆ ಒರಗಿ ಅತ್ತೆಯನ್ನು ಕೆಣಕಿದ.

"ಅತ್ತಿಯವರ, ನಿಮ್ಮ ಮಗಳು ಗೋದಾವರಿ ನೀರು ಬಿಟ್ಟು ಸುರಂಗದ ನೀರು ಕುಡಿಲಿಕ್ಕೆ ಹೊಂಟಾಳ ನೋಡ್ರಿ."

"ನಿಮ್ಮ ಗೋದಾವರ್ಯಾಗ ಊರ ಮಂದಿ ಹೆಣದ ಬೂದಿ ಬಿಡ್ತಾರಪ್ಪ. ನಮ್ಮದು ನೆಲದ ಒಳಗಿನ ನೀರು. ಯಾರ ಕೈನೂ ಹತ್ತಿಲ್ಲ."

"ನಿಮ್ಮ ಮಗನ ಕಾಲು ಹತ್ತ್ಯದಲ್ರಿ" ಅಂದೆ ನಾನು. ಎಲ್ಲರೂ ನಕ್ಕರು. ನಾದಿನಿ ಹೊಟ್ಟೆ ಹಿಡಕೊಂಡು, "ವೈನಿ, ನಗಿಸಬ್ಯಾಡ್ರಿ, ಒಳಗ ಒದೀಲತ್ತದ" ಅಂದಳು.

ಯಾರ ಕೈನೂ ಹತ್ತಿಲ್ಲ. ಆ ಮಾತು ಈಗಲೂ ನನ್ನ ಕಿವಿಯಲ್ಲಿ ಹಾಗೇ ಇದೆ.

ಆ ವರ್ಷದ ಬೇಸಿಗೆ ಕೆಟ್ಟದ್ದು. ಹಿಂದಿನ ಮಳೆ ಸರಿಯಾಗಿ ಬಿದ್ದಿರಲಿಲ್ಲ. ಬೇರೆ ಓಣಿಗಳಲ್ಲಿ ಕೊಡದ ಸಾಲು, ಜಗಳ. ನಮ್ಮ ಓಣಿಯ ತೊಟ್ಟಿ ಮಾತ್ರ ತುಂಬಿ ಹರಿಯಿತು. ಮೊದಲು ಮೊಣಕೈ ಮುಳುಗುವಷ್ಟು ಇದ್ದದ್ದು ಈಗ ಅಂಚಿನ ತನಕ ಬಂತು. ಹೆಂಗಸರು ತೊಟ್ಟಿಗೆ ಅರಿಶಿನ ಕುಂಕುಮ ಹಚ್ಚಿದರು, ತೆಂಗಿನಕಾಯಿ ಒಡೆದರು. ಬಸುರಿ ಹುಡುಗಿಯ ಕಾಲ್ಗುಣ ಎಂದು ನಾದಿನಿಯನ್ನು ಕರೆದು ಅವಳ ಕೈಯಿಂದಲೇ ಹೂವು ಹಾಕಿಸಿದರು.

ನಮ್ಮ ಯಜಮಾನರಿಗೆ ಅದು ಸರಿ ಬರಲಿಲ್ಲ. ಒಂದು ಮಧ್ಯಾಹ್ನ ಬಾಯಿಯಿಂದ ಎಳೆದು ಮೇಲೆ ತಂದಾಗ ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟರು.

"ಮಳಿ ಇಲ್ಲ. ನೀರು ಏರ್ಲತ್ತದ. ಖನಿಯೊಳಗ ಹಿಂಗ ಆದ್ರ ಯಾರಿಗೂ ಕೇಳಬ್ಯಾಡ, ಓಡು ಅಂತಿದ್ರು."

"ಇದು ಖನಿ ಅಲ್ಲಲ್ಲ?"

"ನೀರಿಗಿ ಅದು ಗೊತ್ತದೇನು? ಎಲ್ಲೋ ಮ್ಯಾಗ ಒಂದು ಹಳೇ ಸುರಂಗ ತುಂಬಿ ಒಡೀಲತ್ತದ. ಒಮ್ಮಿಗೆ ಬಂತಂದ್ರ ಗ್ವಾಡಿ ಕುಸೀತದ."

ಅವರ ಹೆದರಿಕೆ ಅದು. ಸುರಂಗ ಕುಸಿಯುತ್ತದೆ, ತಾನು ಒಳಗೆ ಸಿಕ್ಕಿಬೀಳುತ್ತೇನೆ. ವಾಸನೆ ಬರುತ್ತಿದೆ ಎಂದೂ ಹೇಳಿದರು, ಕೊಳೆತ ತತ್ತಿಯ ವಾಸನೆ, ಗೋಡೆಗೆ ಲೋಳೆ. "ಅದೇನು ಹೊಸಾದಲ್ಲ, ಖನಿಯೊಳಗ ಅದನ್ನೇ ಕುಡದು ಬದುಕೀವಿ" ಅಂತ ತಾವೇ ಆ ಮಾತನ್ನು ಬದಿಗಿಟ್ಟರು. ಮಟ್ಟದ ಮಾತನ್ನು ಮಾತ್ರ ಕಚೇರಿಗೆ ಹೇಳಿದರು. ಪರೀಕ್ಷೆಯ ಸಾಹೇಬರು ಒಳ್ಳೆಯ ಮನುಷ್ಯ, ಮರಾಠಿಯವರು. ಇವರ ಮಾತು ಕೇಳಿ ಆ ವಾರದ ಸೀಸೆಗಳನ್ನು ಎರಡೆರಡು ಸಲ ನೋಡಿದರಂತೆ. ನೀರು ಚೊಕ್ಕ ಇದೆ, ನಮ್ಮ ಊರಿನಲ್ಲಿ ಇಷ್ಟು ಚೊಕ್ಕ ನೀರು ಇನ್ನೊಂದಿಲ್ಲ, ಹೊಸ ಸೆಲೆ ಒಡೆದಿರಬೇಕು, ಕುಡಿಯಿರಿ ಎಂದರು.

ನಾವು ಕುಡಿದೆವು. ತೊಟ್ಟಿಗೆ ಬರುವಷ್ಟರಲ್ಲಿ ವಾಸನೆ ತೆಳುವಾಗಿರುತ್ತಿತ್ತು, ಖನಿಯ ನೀರು ಕುಡಿದವರು ನಾವು, ಲಕ್ಷ್ಯ ಕೊಡಲಿಲ್ಲ. ಬಸುರಿಗೆ ಬೇಸಿಗೆಯಲ್ಲಿ ನೀರು ಹೆಚ್ಚು ಬೇಕು. ಅತ್ತೆ ಗಳಿಗೆಗೊಮ್ಮೆ ತಂಬಿಗೆ ಹಿಡಿದು ಮಗಳ ಮುಂದೆ ನಿಲ್ಲುತ್ತಿದ್ದಳು.

"ಕುಡಿ, ಕೂಸಿಗಿ ತಂಪು."

"ಅವ್ವಾ, ಹೊಟ್ಟ್ಯಾಗ ಕೂಸದೋ ಕೆರಿ ಅದೋ?"

"ಎರಡೂ ಇರ್ಲಿ. ಕುಡಿ."

ಆಮೇಲೆ ಹುಡುಗಿಗೆ ಊಟ ಸೇರದಾಯಿತು. ಜೋಳದ ರೊಟ್ಟಿ ಕಂಡರೆ ಓಕರಿಕೆ. ಬಸುರಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆವು. ಒಂದು ಬೆಳಿಗ್ಗೆ ಅಂಗಳದ ಬಿಸಿಲಿಗೆ ಕೂರಿಸಿ ತಲೆ ಬಾಚುತ್ತಿದ್ದೆ. ಸಿಕ್ಕು ಬಿಡಿಸಲು ಅವಳ ಮುಖ ಹಿಂದಕ್ಕೆ ಎಳೆದೆ. ಕಣ್ಣು ನನ್ನ ಕಣ್ಣಿಗೆ ಬಿತ್ತು. ಬಿಳಿ ಇರಬೇಕಾದದ್ದು ಅರಿಶಿನದಲ್ಲಿ ಅದ್ದಿದಂತೆ ಇತ್ತು. ಬಾಚಣಿಗೆ ಕೈಯಿಂದ ಬಿತ್ತು. ಉಗುರು ನೋಡಿದೆ, ಉಗುರು ಹಳದಿ. ಮತ್ತೆ ಬಗ್ಗಿ ಕಣ್ಣನ್ನೇ ನೋಡಿದೆ.

"ಯಾಕ ವೈನಿ, ಹೇನು ಸಿಕ್ತೇನು?" ಅಂದಳು ಅವಳು, ನಗುತ್ತ.

ಸರಕಾರಿ ದೊಡ್ಡ ದವಾಖಾನೆಗೆ ಒಯ್ದೆವು. ಕಾಮಾಲೆ ಎಂದರು. ಬಸುರಿಗೆ ಬಂದರೆ ಕೆಟ್ಟದ್ದು, ತಾಯಿಯನ್ನೂ ಒಯ್ಯುತ್ತದೆ, ಕೂಸನ್ನೂ ಒಯ್ಯುತ್ತದೆ ಎಂದು ಡಾಕ್ಟರಬಾಯಿ ನೇರವಾಗಿ ಹೇಳಿದಳು. ಸುತ್ತು ಹಾಕಿ ಹೇಳಲಿಲ್ಲ, ಅದಕ್ಕೆ ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದಳು.

ಅತ್ತೆ ಎದೆ ಎತ್ತಿ ಹೇಳಿದಳು, "ಸೋಸಿದ್ದು ರೀ. ಸೋಸದೇ ನಮ್ಮ ಮನ್ಯಾಗ ಹನಿ ನೀರು ಇಲ್ಲ."

ಯಜಮಾನರೂ ಹೇಳಿದರು, "ಪರೀಕ್ಷಾ ಆಗ್ಯದ ಬಾಯಿ. ವಾರಾ ವಾರಾ ನಾನೇ ಒಯ್ದು ಕೊಡ್ತೀನಿ. ಪಾನಿ ಏಕದಮ್ ಅಚ್ಛಾ ಅದ."

ಹಾಗಿದ್ದರೆ ನೀರಲ್ಲ, ಹೊರಗಿನ ತಿಂಡಿ ತಿಂದಿರಬೇಕು ಎಂದಳು ಡಾಕ್ಟರಬಾಯಿ. ಕೆಲವು ದಿನ ಇಟ್ಟುಕೊಂಡು, ಔಷಧಿ ಕೊಟ್ಟು, ಮನೆಯಲ್ಲಿ ಮಲಗಿಸಿ, ನೀರು ಬಹಳ ಕುಡಿಸಿ, ಹೆಚ್ಚಾದರೆ ಓಡಿ ಬನ್ನಿ ಎಂದು ಕಳಿಸಿದಳು. ನಾವು ಮತ್ತೆ ಅದೇ ನೀರು ಕುಡಿಸತೊಡಗಿದೆವು. ಪರೀಕ್ಷೆಯಾದ ನೀರಲ್ಲವೇ? ಓಣಿಯಲ್ಲಿ ಇನ್ನೂ ನಾಲ್ಕಾರು ಮನೆಯಲ್ಲಿ ಹಳದಿ ಕಣ್ಣು ಕಾಣಿಸಿಕೊಂಡವು. ಗಾಳಿ ಕೆಟ್ಟಿದೆ ಎಂದರು ಜನ. ನಾಸಿಕದಿಂದ ಅಳಿಯ ಓಡಿ ಬಂದ. ಹೆಂಡತಿಯ ಕಾಲ ಬಳಿ ಕುಳಿತವನು ಏಳಲಿಲ್ಲ.

ಆ ವಾರ ಸೀಸೆ ತುಂಬುವ ದಿನ ಬಂತು. ಮಧ್ಯಾಹ್ನ ಇವರನ್ನು ಇಳಿಸಿದೆ, ಎಳೆದೆ. ಸೀಸೆ ತಂದು ಮೂಲೆಯಲ್ಲಿ ಇಟ್ಟರು, ಕಚೇರಿಗೆ ಹೋದರು. ನಾನು ನಿಂಬೆಹಣ್ಣು ತರಲು ಚೌಕಕ್ಕೆ ಹೋಗಿ ಸಂಜೆಗೆ ಮುಂಚೆಯೇ ಮರಳಿದೆ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅತ್ತೆ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ಮುಂದೆ ಒಂದು ಪಾತ್ರೆ, ಅದರ ಬಾಯಿಗೆ ಆ ಬಿಳಿ ಅರಿವೆ. ಕೈಯಲ್ಲಿ ಕಚೇರಿಯ ಸೀಸೆ, ತಲೆಕೆಳಗು. ಗುಳುಗುಳು ಎಂದು ನೀರು ಬೀಳುತ್ತಿತ್ತು. ಪಕ್ಕದಲ್ಲಿ ತಾಮ್ರದ ಬಿಂದಿಗೆ.

ನಾನು ಬಾಗಿಲಲ್ಲೇ ನಿಂತೆ. ಆಕೆ ನನ್ನನ್ನು ನೋಡಿದಳು, ಮುಚ್ಚಿಡಲಿಲ್ಲ, ಗಾಬರಿಯಾಗಲಿಲ್ಲ. ಮುಚ್ಚಿಡುವಂಥದ್ದೇನೂ ಆಕೆಗೆ ಅದರಲ್ಲಿ ಕಂಡಿರಲಿಲ್ಲ. ಸೀಸೆ ಬರಿದಾಯಿತು. ಬಿಂದಿಗೆ ಬಗ್ಗಿಸಿ ದೇವರ ನೀರು ತುಂಬಿದಳು. ಬಿರಡೆ ಹಾಕಿದಳು. ಕಾಗದ ಮಡಚಿ ದಾರ ಸುತ್ತಿ, ಜಾತ್ರೆಯ ಪ್ರಸಾದದ ಪುಡಿಕೆ ಕಟ್ಟಿದ ಹಾಗೆ ಚಂದಾಗಿ ಗಂಟು ಹಾಕಿದಳು.

"ಅತ್ತಿ, ಏನ್ ಮಾಡ್ಲತ್ತೀರಿ?"

"ಕಾಣ್ಸಲ್ಲೇನು? ಹೊಲಸು ನೀರು. ಸಾಹೇಬರ ಮನಿಗಿ ಹೊಲಸು ನೀರು ಕಳಸೂದಾ? ನಮ್ಮ ಮನಿ ಹೆಸರು ಏನಾಗ್ತದ? ಸೋಸದ ನೀರು ನಮ್ಮ ಮನಿಂದ ಯಾರಿಗೂ ಹೋಗಿಲ್ಲ."

"ಸಾಹೇಬರು ಕುಡೀಲಾಕ ಒಯ್ಯಲ್ರಿ ಅದನ್ನ! ನೋಡ್ಲಾಕ ಒಯ್ತಾರ!"

"ನೋಡ್ಲಾಕೂ ಚಂದ ಇರಬೇಕಲ್ಲ?"

ಸೀಸೆ ಕಸಿದುಕೊಂಡೆ. "ಎಂದಿನಿಂದ ಮಾಡ್ಲತ್ತೀರಿ ಇದು?"

"ಅರಿವ್ಯಾಗ ಲೋಳಿ ಸಿಗ್ಲತ್ತಿದಾಗಿಂದ. ಬ್ಯಾಸಗಿ ಸುರು ಆದಾಗಿಂದ. ಮೊದಲ ಸೋಸಿ ಅದನ್ನೇ ತುಂಬತಿದ್ದೆ. ಆಮ್ಯಾಲ ಸೋಸಿದ್ರೂ ವಾಸನಿ ಹೋಗಲಿಲ್ಲ. ಅದಕ್ಕ ಬಾವಿದು ಹಾಕ್ತೀನಿ."

ಪಾತ್ರೆಯ ಮೇಲಿನ ಅರಿವೆ ನೋಡಿದೆ. ನಡುವೆ ಕಂದು ಲೋಳೆ, ಹಳಸಿದ ಅಂಬಲಿಯ ಕೆನೆಯ ಹಾಗೆ. ಮೂಗು ಹತ್ತಿರ ಒಯ್ದೆ. ಅದು ಖನಿಯ ವಾಸನೆಯಲ್ಲ. ಖನಿಯ ನೀರು ನನಗೆ ಗೊತ್ತು. ಇದು ಯಾವ ವಾಸನೆ ಎಂದು ಹೇಳಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ, ಮಕ್ಕಳ ತೊಟ್ಟಿಲ ಬಟ್ಟೆ ಒಗೆದ ಯಾವ ಹೆಂಗಸಿಗೂ ಗೊತ್ತು. ದಿನಾ ಆ ಅರಿವೆ ಒಗೆಯುತ್ತಿದ್ದವಳು ಅತ್ತೆ. ದಿನಾ ನೋಡುತ್ತಿದ್ದಳು. ಒಗೆದು ಒಣಹಾಕಿ, ಇನ್ನು ನೀರು ಶುದ್ಧವಾಯಿತು ಎಂದು ಮಗಳಿಗೆ ತಂಬಿಗೆ ತುಂಬಿ ಕೊಡುತ್ತಿದ್ದಳು. ಊರಿನ ಚೊಕ್ಕ ನೀರು ದೇವರಿಗೆ ಒಂದು ಪಾಲು, ಕಚೇರಿಗೆ ಒಂದು ಪಾಲು. ಮಗಳಿಗೆ ಈ ಲೋಳೆಯ ನೀರು.

ನಾನು ಕೂಗಿಕೊಂಡೆ. ಏನು ಕೂಗಿದೆ ನೆನಪಿಲ್ಲ. ಒಳಕೋಣೆಯಿಂದ ಅಳಿಯ ಓಡಿ ಬಂದ. ಇವರೂ ಆಗಲೇ ಬಂದರು. ನಾನು ಮುಚ್ಚಿಡಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ಇವರು ಸೀಸೆಯನ್ನೇ ನೋಡುತ್ತ ನಿಂತರು. ಹಗ್ಗ ಕಟ್ಟಿ ಇಳಿದು, ಎದೆ ಹಿಡಿದುಕೊಂಡು ತುಂಬಿ ತಂದ ಸೀಸೆಗಳೆಲ್ಲ ಪಕ್ಕದ ವಾಡೆಯ ಬಾವಿ ನೀರಾಗಿದ್ದವು.

ಅತ್ತೆ ಒಬ್ಬೊಬ್ಬರ ಮುಖ ನೋಡಿದಳು. "ಯಾಕ? ಸೋಸಿದ್ದು ತಪ್ಪೇನು?" ಅಂದಳು. ಖರೆಯಾಗಿ ಕೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಇವರು ಮತ್ತೆ ಇಳಿದರು. ಸೀಸೆ ತುಂಬಿ ಹಗ್ಗದಲ್ಲೇ ಕಟ್ಟಿ ಮೇಲೆ ಕಳಿಸಿದರು. ಇವರನ್ನೂ ಎಳೆದು ಮೇಲೆ ತಂದ ಮೇಲೆ, ಇಬ್ಬರೂ ಮನೆಗೆ ಹೋಗದೆ ಕಚೇರಿಗೆ ನಡೆದೆವು. ಸೆರಗಿನಲ್ಲಿ ಸುತ್ತಿದ್ದ ಸೀಸೆಯನ್ನು ನಾನು ನೇರ ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರು ಬೆಳಕಿಗೆ ಹಿಡಿದರು. ಬಿರಡೆ ತೆಗೆದು ಮೂಗಿಗೆ ಒಯ್ದರು. ಕುರ್ಚಿಯಿಂದ ಎದ್ದುಬಿಟ್ಟರು.

"ಯೇ ಪಾನಿ ಕಹಾಂ ಸೇ ಲಾಯೀ, ಬಾಯಿ?"

"ಅಲ್ಲಿಂದಲೇ ಸಾಹೇಬ. ಅಸಲಿ ಯೇ ಹೈ, ಖರೇ ನೀರು ಇದೇ."

ಅತ್ತೆಯ ಕೆಲಸ ಹೇಳಿದೆವು. ಅವರು ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಬಿರಡೆ ಮತ್ತೆ ಹಾಕಿದರು. ಆಮೇಲೆ ತಮ್ಮಷ್ಟಕ್ಕೆ ಅಂದರು, ನಿಮ್ಮ ಸೀಸೆಗಳ ಗಂಟು ಎಲ್ಲಕ್ಕಿಂತ ಅಚ್ಚುಕಟ್ಟಾಗಿರುತ್ತಿತ್ತು, ನಾನು ಬೇರೆಯವರಿಗೆ ಅದನ್ನೇ ತೋರಿಸುತ್ತಿದ್ದೆ ಎಂದು. ಪರೀಕ್ಷೆ ಮುಗಿಯುವತನಕ ಕಾಯಲಿಲ್ಲ, ಅಂದೇ ಓಣಿಯ ತೊಟ್ಟಿಗೆ ಬೀಗ ಹಾಕಿಸಿದರು. ಆಮೇಲೆ ಪರೀಕ್ಷೆಯೂ ಅದನ್ನೇ ಹೇಳಿತು. ನೀರಿನಲ್ಲಿ ಮನುಷ್ಯರ ಹೇಲು ಇತ್ತು.

ಎಲ್ಲಿಂದ ಎಂದು ಹುಡುಕಲು ನಹರಿನ ಗುಂಟ ಗುಡ್ಡದ ಕಡೆಗೆ ನಡೆದೆವು. ಇವರು, ಕಚೇರಿಯ ಇಬ್ಬರು, ಹಗ್ಗ ಹೊತ್ತು ನಾನು. ಒಂದೊಂದೇ ಬಾಯಿಯ ಮುಚ್ಚಳ ಎತ್ತಿ ಬಗ್ಗಿ ನೋಡುತ್ತ ಹೋದರು. ಊರ ಹೊರಗೆ ಹೊಸದಾಗಿ ಎದ್ದ ಸಾಲುಮನೆಗಳ ಒಂದು ಚಾಳು. ಅದರ ಹಿಂದೆ ನಹರಿನ ಒಂದು ಬಾಯಿ. ಕಲ್ಲಿನ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಚಾಳಿನ ಪಾಯಖಾನೆಗಳಿಂದ ಬಂದ ಮಣ್ಣಿನ ಕೊಳವೆ ನೇರ ಅದರೊಳಗೆ ಬಾಯಿ ಇಟ್ಟಿತ್ತು. ಸಿಮೆಂಟು ಹಾಕಿ ಚೊಕ್ಕ ಕೂರಿಸಿದ್ದರು. ಸಂಸಾರಗಳ ಚಾಳು, ಮನೆ ಮನೆಗೂ ಬಾಗಿಲಿಗೆ ತೋರಣ, ತುಳಸಿ. ಗಂಡಸರೆಲ್ಲ ಚಿಕಲಠಾಣಾ ಕಡೆಯ ಕಾರ್ಖಾನೆಗಳಿಗೆ ಹೋಗಿದ್ದರು. ಒಬ್ಬ ಹೆಂಗಸು ಬಂದು ನಮ್ಮನ್ನು ನೋಡಿದಳು.

"ತಳಾನೇ ಕಾಣಲ್ಲ, ಹಳೇ ಭೂತದ ಬಾವಿ ಅಂದ್ಕೊಂಡಿದ್ವಿ" ಎಂದು ಮರಾಠಿಯಲ್ಲಿ ಹೇಳಿದಳು. "ಎಷ್ಟು ಹಾಕಿದ್ರೂ ತುಂಬೋದೇ ಇಲ್ಲ. ಛಲೋ ಬಾವಿ."

ಬಿಸಿಲಲ್ಲಿ ಬಂದಿದ್ದೀರಿ ಎಂದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಹಿಡಿದಳು. ಒಳ್ಳೆಯ ಹೆಂಗಸು. ನಾನು ಕೈ ಚಾಚಲಿಲ್ಲ. ನಾನು ಬಯ್ಯಬೇಕಿತ್ತು, ಬಯ್ಯಲು ಬರುವವಳೇ. ಅವಳ ಮುಖ ನೋಡಿದರೆ ನಮ್ಮ ಅತ್ತೆಯ ಮುಖವೇ. ತಪ್ಪೇನು ಎಂಬ ಮುಖ.

ಮನೆಗೆ ಬರುವಷ್ಟರಲ್ಲಿ ನಾದಿನಿ ಅರಿವು ತಪ್ಪಿ ಬಡಬಡಿಸತೊಡಗಿದ್ದಳು. ಅಳಿಯ ಟಾಂಗಾ ತಂದು ಕಾಯುತ್ತಿದ್ದ. ದವಾಖಾನೆಗೆ ಒಯ್ದೆವು. ನಾನು ಯಾರು ಎಂದು ಅವಳಿಗೆ ಗುರುತು ಸಿಗಲಿಲ್ಲ, "ಗಂಟಿ ಬಾರಿಸ್ಲತ್ತಾರ, ಗುಡಿ ಬಾಗಿಲು ತಗೀರಿ" ಅನ್ನುತ್ತಿದ್ದಳು, ಪಂಚವಟಿಯ ಮನೆಯಲ್ಲಿ ಇದ್ದೇನೆ ಅಂದುಕೊಂಡು. ಒಂಬತ್ತು ತುಂಬುವ ಮೊದಲೇ ನೋವು ಬಂತು. ಗಂಡು ಕೂಸು. ಉಸಿರಿರಲಿಲ್ಲ. ಡಾಕ್ಟರಬಾಯಿ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಕೂಸಿನ ಮೈಯೂ ಹಳದಿ ಕಂಡಿತು. ದವಾಖಾನೆಯ ದೀಪದ ಬಣ್ಣವೋ ಏನೋ, ಗೊತ್ತಿಲ್ಲ. ಅಳಿಯನೂ ಇವರೂ ಒಯ್ದು ಮಣ್ಣು ಮಾಡಿ ಬಂದರು.

ಹುಡುಗಿ ಉಳಿದಳು. ಕಣ್ಣಿನ ಹಳದಿ ಇಳಿಯಲು ಮಳೆಗಾಲವೆಲ್ಲ ಬೇಕಾಯಿತು. ದೀಪಾವಳಿಗೆ ಮುಂಚೆ ಅಳಿಯ ಬಂದು ನಾಸಿಕಕ್ಕೆ ಕರೆದುಕೊಂಡು ಹೋದ. ಹೋಗುವಾಗ ಅವನು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ. ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಆಕೆ ಆ ಮಾತಿಗೆ ಕಾದು ನಿಂತದ್ದು ನನಗೆ ಕಾಣುತ್ತಿತ್ತು.

ಬಸ್ಸು ನಿಲ್ದಾಣದಿಂದ ಬಂದ ಮೇಲೆ ನಾನು ಎಂದಿನಂತೆ ಕೊಡ ಹೊತ್ತು ಬಾಗಿಲಲ್ಲಿ ನಿಂತೆ. ಆಗ ಬೇರೆ ಓಣಿಯ ನಲ್ಲಿಯಿಂದ ತರುತ್ತಿದ್ದೆವು, ಕಾಯಿಸಿ ಕುಡಿಯುತ್ತಿದ್ದೆವು. ಅತ್ತೆ ಅರಿವೆ ಹಿಡಿದು ಬರಲಿಲ್ಲ. ಬರಿಗೈಯಲ್ಲಿ ಬಂದಳು. ತಂಬಿಗೆಯನ್ನು ಕೊಡದೊಳಗೆ ಅದ್ದಿ ತುಂಬಿ, ನಿಂತಲ್ಲೇ, ನನ್ನ ಎದುರಿಗೇ ಗಟಗಟ ಕುಡಿದಳು. ಅರವತ್ತು ದಾಟಿದ ಹೆಂಗಸು, ಹುಟ್ಟಿದಾಗಿನಿಂದ ಸೋಸದ ಹನಿ ಬಾಯಿಗೆ ಹಾಕಿದವಳಲ್ಲ. ಕೂಸು ಕೈಗೆ ಬಂದಾಗಲೂ ನಾನು ಅಷ್ಟು ಹೆದರಿರಲಿಲ್ಲ.

"ಅತ್ತಿ! ಕಾಸಿದ್ದು ಒಳಗ ಅದ್ರಿ!"

"ನನಗ ಬ್ಯಾಡ."

"ಹಿಂಗ ಕುಡದ್ರ ಕೂಸು ತಿರುಗಿ ಬರ್ತದೇನು?"

"ಬರಲ್ಲ. ನೀ ಕೊಡ ಒಳಗ ಇಡು."

ಬಿಳಿ ಅರಿವೆ ಗೂಟಕ್ಕೆ ನೇತಾಡಿ ಧೂಳು ಹಿಡಿಯಿತು. ಕೊನೆಗೆ ನಾನು ಕಂದೀಲಿನ ಗಾಜು ಒರೆಸಲು ತಗೊಂಡೆ, ಆಕೆ ಬೇಡ ಅನ್ನಲಿಲ್ಲ. ಪೂಜೆಗೆ ಬಾವಿ ನೀರು ತರುವುದು ಬಿಡಲಿಲ್ಲ, ತನ್ನ ಬಾಯಿಗೆ ಮಾತ್ರ ಕೊಡದ ಹಸಿ ನೀರು. ವರ್ಷಗಟ್ಟಲೆ ಹಾಗೇ ನಡೆಸಿದಳು. ಹೊಟ್ಟೆ ಕೆಟ್ಟರೆ ಮಲಗುವಳು, ಎದ್ದು ಮತ್ತೆ ಅದನ್ನೇ ಕುಡಿಯುವಳು. ಇವರು ಬೇಡಿಕೊಂಡರು, ನಾನು ಜಗಳಾಡಿದೆ. ಅದರಿಂದ ಯಾರಿಗೂ ಏನೂ ಸಿಗಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ನಹರಿನ ಆ ಬಾಯಿ ಮುಚ್ಚಿಸಿದರು. ಇವರು ಕೆಲಸ ಬಿಡುವತನಕ ಸೀಸೆಗಳು ಮನೆಯ ಹೊಸ್ತಿಲು ದಾಟಲಿಲ್ಲ. ಸಾಹೇಬರೇ ಸಂಜೆಯೂ ಪರೀಕ್ಷೆಯ ಕೋಣೆಯ ಬಾಗಿಲು ತೆರೆದಿಡತೊಡಗಿದರು.

ಅತ್ತೆ ಸಾಯುವಾಗ ಮಗಳು ನಾಸಿಕದಿಂದ ಇನ್ನೂ ಬಂದು ಮುಟ್ಟಿರಲಿಲ್ಲ. ಬಾಯಿಗೆ ನೀರು ಬಿಡುವುದು ನನ್ನ ಪಾಲಿಗೆ ಬಂತು. ಕೊನೆಯ ನೀರು, ಚೊಕ್ಕ ಇರಲಿ ಎಂದು ಕಾಯಿಸಿದೆ, ಆರಿಸಿದೆ, ಹೊಸ ಅರಿವೆಯಲ್ಲಿ ಸೋಸಿದೆ. ಚಮಚದಿಂದ ತುಟಿಗೆ ಹಿಡಿದೆ. ಎರಡು ದಿನದಿಂದ ಕಟ್ಟಿಗೆಯ ಹಾಗೆ ಬಿದ್ದಿದ್ದ ಮುದುಕಿ ಕಣ್ಣು ಬಿಟ್ಟು ಚಮಚ ನೋಡಿದಳು, ಗೋಡೆಯ ಗೂಟಕ್ಕೆ ಹಾಕಿದ ಒದ್ದೆ ಅರಿವೆ ನೋಡಿದಳು, ಹಲ್ಲಿಲ್ಲದ ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು. ನೀರು ಗಲ್ಲದ ಮೇಲೆ ಹರಿದು ಕೌದಿಗೆ ಇಳಿಯಿತು.

ನಾನು ಎದ್ದು ಹೋಗಿ ನಲ್ಲಿಯ ನೀರು ಹಾಗೇ ಹಿಡಿದು ತಂದೆ. ಕುಡಿದಳು.